ಹಾಯಿದೋಣಿಗೆ ಎಷ್ಟು ಕುದುರೆ?

ನಮ್ಮ ಬ್ರಾಂಚಿನಿಂದ ರಿಟೈರಾದ ಗೆಳೆಯರೊಬ್ಬರು ಇಲ್ಲೇ ಮುಂಬಯಿಯಲ್ಲಿ ಒಂದು ಹಳೇ ಹಾಯಿದೋಣಿ ಕೊಂಡಿದ್ದಾರೆ. ನೀರಿಗೆ ತಾಗುವ ಉದ್ದ 16 ಅಡಿ, ತೂಕ ಹತ್ತಿರ ಹತ್ತಿರ ಒಂದು ಟನ್. ಗಾಳಿ ಬಿದ್ದಾಗ ವಾಪಸು ಬರೋಕೆ ಹಿಂದೆ ಸಿಕ್ಕಿಸುವ ಮೋಟಾರು ಬೇಕಲ್ಲ, ಅಂಗಡಿಯವನು 15 ಎಚ್‌ಪಿ ತೋರಿಸಿದನಂತೆ. "ದೊಡ್ಡದಿದ್ರೆ ಧೈರ್ಯ ಕಣ್ರೀ" ಅಂದರು. ನಾನು ಬೇಡವೇ ಬೇಡ ಅಂದೆ. ಭಾನುವಾರ ಅವರ ಜೊತೆ ಹೋಗೋನು ನಾನೇ, ಈಜು ಬೇರೆ ಬರಲ್ಲ!

ಬಿಕಾಂನವನಿಗೂ ಎಟುಕುವ ಲೆಕ್ಕ ಇದು. ಇಂಥ ದೋಣಿ ನೀರನ್ನು ಸೀಳಿಕೊಂಡು ಹೋಗುತ್ತೆ, ಸ್ಪೀಡ್‌ಬೋಟಿನ ಹಾಗೆ ಮೇಲೆದ್ದು ಓಡಲ್ಲ. 16ರ ವರ್ಗಮೂಲ 4, ಅದಕ್ಕೆ 1.34 ಗುಣಿಸಿದರೆ ಸುಮಾರು 5.4 ನಾಟ್, ಗಂಟೆಗೆ ಹತ್ತು ಕಿಲೋಮೀಟರ್. ಅದರ ಮೇಲೆ ಎಷ್ಟು ಕುದುರೆ ಕಟ್ಟಿದರೂ ಪೆಟ್ರೋಲ್ ಸುಟ್ಟು ಅಲೆ ಎಬ್ಬಿಸೋದೇ ಬಂತು. ಟನ್ನಿಗೆ 4 ಎಚ್‌ಪಿ ಸಾಕು ಅನ್ನೋದು ರೂಢಿ. ಇಲ್ಲಿಯ ಇಳಿತದ ಸೆಳೆತಕ್ಕೆ ಎದುರಾಗಿ ಬರಬೇಕು, ಹಾಗಾಗಿ 6 ಇರಲಿ. ಫೋರ್ ಸ್ಟ್ರೋಕ್ 15 ಎಚ್‌ಪಿ ನಲವತ್ತು ಕಿಲೋ ಮೀರುತ್ತೆ, ದೋಣಿಯ ಹಿಂಭಾಗ ಕುಸಿಯುತ್ತೆ.

ನನಗೆ ಹೆದರಿಕೆ ಇರೋದು ಶಾಫ್ಟಿನ ಬಗ್ಗೆ. ಅದನ್ನು ಯಾರೂ ಕೇಳಲ್ಲ. 15 ಇಂಚಿನ ಗಿಡ್ಡ ಶಾಫ್ಟಾದರೆ ಅಲೆಗೆ ಹಿಂಭಾಗ ಎದ್ದಾಗ ಪ್ರೊಪೆಲ್ಲರ್ ಗಾಳಿಯಲ್ಲಿ ಗರಗರ ತಿರುಗುತ್ತೆ. ಎದುರಿಗೆ ಹಡಗು ಬರ್ತಿದ್ದರೆ ಎಷ್ಟು ಎಚ್‌ಪಿ ಇದ್ದು ಏನುಪಯೋಗ? 20 ಇಂಚಿನದ್ದೇ ಕೇಳಿ ಅಂದೆ.

ಮೊನ್ನೆ ಮತ್ತೆ ಫೋನು: "8 ಆದ್ರೆ?" ತೂಕ ಕೇಳ್ಕೊಂಡು ಬನ್ನಿ ಅಂದಿದ್ದೇನೆ.