ಛಾಯಾಗ್ರಹಣ: ಕಸುಬು ಮೊದಲೋ, ಶೈಲಿ ಮೊದಲೋ?



ನಿಮ್ಮಲ್ಲಿ ಅನೇಕರು ಈಗ ಕ್ಯಾಮೆರಾ ಹಿಡಿದಿದ್ದೀರಿ. ನಿಮ್ಮ ಮಕ್ಕಳಲ್ಲಂತೂ ಹಿಡಿಯದವರೇ ಇಲ್ಲ. ನೀವು ಕಳುಹಿಸುವ ಚಿತ್ರಗಳನ್ನು ನಾನು ಸಂತೋಷದಿಂದ ನೋಡುತ್ತೇನೆ. ಆದರೆ ಅವುಗಳ ಜೊತೆಗೆ ಪದೇ ಪದೇ ಬರುವ ಒಂದು ಮಾತನ್ನು ಮಾತ್ರ ಒಪ್ಪಲಾರೆ. "ಮೇಷ್ಟ್ರೇ, ಹೆಚ್ಚು ಕಲಿತರೆ ಸ್ವಂತಿಕೆ ಕೆಟ್ಟುಹೋಗುತ್ತದೆ. ಮೊದಲು ನಮ್ಮದೇ ಶೈಲಿಯನ್ನು ಕಂಡುಕೊಳ್ಳಬೇಕು. ಉಳಿದದ್ದನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ" ಎಂಬುದೇ ಆ ಮಾತು. ಇದನ್ನೇ ಬಂಡವಾಳ ಮಾಡಿಕೊಂಡು, ಎರಡು ದಿನಗಳ ಶಿಬಿರದಲ್ಲಿ ಶೈಲಿ ಹುಡುಕಿಕೊಡುವವರೂ, ಸಿದ್ಧ ಬಣ್ಣಗಳ ಲೇಪವನ್ನೇ ಶೈಲಿಯೆಂದು ಮಾರುವವರೂ ಹುಟ್ಟಿಕೊಂಡಿದ್ದಾರೆ. ಕಲಿಯುವ ವಯಸ್ಸಿನವರಿಗೆ ಇದಕ್ಕಿಂತ ದೊಡ್ಡ ಮೋಸವಿಲ್ಲ. ಕಸುಬನ್ನು ಕಲಿಯದವನ ಪಾಲಿಗೆ ಕೊನೆಗೆ ಉಳಿಯುವುದು ಕಾರ್ಖಾನೆಯ ಶೈಲಿ ಮಾತ್ರ.

ನಮ್ಮ ಊರುಗಳಲ್ಲಿ ಎಲ್ಲರೂ ಕಂಡಿರುವ ನೋಟವೊಂದನ್ನು ತೆಗೆದುಕೊಳ್ಳಿ. ಗದ್ದೆಯ ಬದುವಿನಲ್ಲಿ ಮೇಯುತ್ತಿರುವ ಎಮ್ಮೆ, ಅದರ ಬೆನ್ನ ಮೇಲೆ ಬೆಳ್ಳಕ್ಕಿ, ಮೇಲೆ ಉರಿಬಿಸಿಲು. ಕ್ಯಾಮೆರಾದೊಳಗಿನ ಬೆಳಕಿನ ಮಾಪಕವು ಮೂಲತಃ ತನ್ನೆದುರು ಇರುವುದನ್ನೆಲ್ಲ ನಡುಬೂದು ಬಣ್ಣದ್ದೆಂದು, ಅಂದರೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡ 18ರಷ್ಟನ್ನು ಹಿಂದಿರುಗಿಸುವ ವಸ್ತುವೆಂದು ಎಣಿಸಿಕೊಂಡು ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಎಮ್ಮೆಯೇ ಇದ್ದರೆ ಕಪ್ಪು ಎಮ್ಮೆ ಬೂದಿ ಬಳಿದಂತಾಗಿ, ಹಕ್ಕಿಯು ಗೆರೆಯೊಂದೂ ಕಾಣದ ಸುಣ್ಣದ ಚುಕ್ಕೆಯಾಗುತ್ತದೆ. ಹಕ್ಕಿಯೇ ತುಂಬಿದ್ದರೆ ಅದರ ಬಿಳುಪು ಮಾಸುತ್ತದೆ.

ಇದನ್ನು ಬಲ್ಲವನ ಮುಂದೆ ಮೂರು ದಾರಿಗಳಿವೆ. ಬೆಳಕನ್ನು ತಗ್ಗಿಸಿ ಗರಿಗರಿಯನ್ನೂ ಉಳಿಸಿಕೊಂಡು, ಎಮ್ಮೆಯನ್ನು ಕರಿಬಂಡೆಯಂತೆ ಕತ್ತಲೆಗೆ ಬಿಡಬಹುದು. ಎಮ್ಮೆಯ ತೊಗಲಿನ ಮೇಲೆ ಒಣಗಿದ ಕೆಸರನ್ನು ತೋರಿಸಲೆಂದು ಹಕ್ಕಿಯ ವಿವರವನ್ನು ತ್ಯಜಿಸಬಹುದು. ಇಲ್ಲವೇ ಮೋಡವೊಂದು ಬಿಸಿಲನ್ನು ಮುಚ್ಚಿ, ಕಪ್ಪುಬಿಳುಪುಗಳ ಅಂತರ ಕಿರಿದಾಗುವವರೆಗೆ ಕಾಯಬಹುದು. ಮೂರೂ ಬೇರೆ ಬೇರೆ ಚಿತ್ರಗಳು. ಯಾವುದನ್ನು ಆರಿಸಬೇಕೆಂಬುದನ್ನು ಯಾವ ಪುಸ್ತಕವೂ ಹೇಳಲಾರದು. ಆ ನೋಟದಲ್ಲಿ ನಿಮ್ಮ ಮನಸ್ಸು ಎಲ್ಲಿ ನಿಂತಿತೆಂಬುದೇ ಹೇಳಬೇಕು. ಶೈಲಿಯ ಮೊಳಕೆ ಇರುವುದು ಈ ಆಯ್ಕೆಯಲ್ಲಿ. ದಾರಿಗಳು ಮೂರಿವೆ ಎಂದೇ ತಿಳಿಯದವನು ಆರಿಸುವುದು ಏನನ್ನು?

ಇಂದಿನ ಮೊಬೈಲ್ ಫೋನು ಕಣ್ಣು ಮಿಟುಕಿಸುವುದರೊಳಗೆ ಹಲವು ಚಿತ್ರಗಳನ್ನು ತೆಗೆದು, ಒಂದುಗೂಡಿಸಿ, ನೆರಳನ್ನು ಎತ್ತಿ, ಬಿಳುಪನ್ನು ತಗ್ಗಿಸಿ ಕೊಡುತ್ತದೆ. ಅದರ ಹಿಂದಿನ ಜಾಣ್ಮೆಗೆ ನನ್ನ ನಮಸ್ಕಾರ. ಆದರೆ ಆ ತೀರ್ಮಾನವನ್ನು ಕೈಗೊಂಡವರು ಎಲ್ಲೋ ದೂರದಲ್ಲಿರುವ ತಂತ್ರಜ್ಞರು. ನಿಮ್ಮ ಗದ್ದೆಯನ್ನೂ ನಿಮ್ಮ ಎಮ್ಮೆಯನ್ನೂ ಕಂಡವರಲ್ಲ. ಬೀದರಿನ ಹುಡುಗ, ಚಾಮರಾಜನಗರದ ಹುಡುಗಿ ತೆಗೆದ ಚಿತ್ರಗಳು ಒಂದೇ ಅಚ್ಚಿನ ಬೆಲ್ಲದಂತೆ ಕಾಣುವುದು ಈ ಕಾರಣದಿಂದ.

ಎದುರುವಾದದಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳುವುದಿಲ್ಲ. ಚೌಕಟ್ಟನ್ನು ಮೂರು ಭಾಗ ಮಾಡು, ಗೆರೆ ಕೂಡುವಲ್ಲಿ ವಸ್ತುವನ್ನಿಡು ಎಂಬ ಸೂತ್ರವನ್ನು ಮಗ್ಗಿಯಂತೆ ಉರುಹೊಡೆದು, ಪ್ರದರ್ಶನದಿಂದ ಪ್ರದರ್ಶನಕ್ಕೆ ಒಂದೇ ಚಿತ್ರವನ್ನು ಮರುಹುಟ್ಟಿಸುತ್ತಿರುವವರನ್ನು ನಾನೂ ಬಲ್ಲೆ. ಆದರೆ ಅದು ಕಾರಣವನ್ನು ಅರಿಯದೆ ಕಲಿತ ಅರೆಕಲಿಕೆಯ ದೋಷ. ಅದಕ್ಕೆ ಮದ್ದು ಪೂರ್ಣ ಕಲಿಕೆಯೇ ಹೊರತು ಕಲಿಕೆಯನ್ನು ಬಿಡುವುದಲ್ಲ.

ನಿಮಗೆಲ್ಲ ದಿನಕ್ಕೊಂದು ಪುಟ ಕಾಪಿ ಬರೆಸಿದವನು ನಾನು. ಎಲ್ಲರೂ ತಿದ್ದಿದ್ದು ಅದೇ ಅಕ್ಷರಗಳನ್ನು, ಅದೇ ಗೆರೆಗಳ ನಡುವೆ. ಆದರೂ ಹತ್ತನೆಯ ತರಗತಿಗೆ ಬರುವಷ್ಟರಲ್ಲಿ, ಹೆಸರಿಲ್ಲದ ಉತ್ತರಪತ್ರಿಕೆ ಯಾರದೆಂದು 'ಳ'ಕಾರದ ಬಾಲ ನೋಡಿಯೇ ಹೇಳುತ್ತಿದ್ದೆ. ನಿಮ್ಮಲ್ಲಿ ಯಾರೊಬ್ಬರೂ ಸ್ವಂತ ಕೈಬರಹವನ್ನು ಹುಡುಕಿಕೊಂಡು ಹೊರಟಿರಲಿಲ್ಲ. ಬರೆಯುತ್ತ ಬರೆಯುತ್ತ ಅದು ತಾನಾಗಿ ಬಂತು.

ದೊಡ್ಡವರ ಬದುಕೂ ಇದನ್ನೇ ಹೇಳುತ್ತದೆ. ಮಲ್ಲಿಕಾರ್ಜುನ ಮನ್ಸೂರರು (1910–1992) ಮೊದಲು ನೀಲಕಂಠಬುವಾ ಅವರಲ್ಲಿ, ಆಮೇಲೆ ಮಂಜಿಖಾನ್ ಮತ್ತು ಬುರ್ಜಿಖಾನರಲ್ಲಿ ವರ್ಷಗಟ್ಟಲೆ ಕಲಿತರು. ಮೂವರು ಗುರುಗಳ ಪಾಠದಿಂದ ಅವರ ಸ್ವಂತಿಕೆ ಅಳಿಯಿತೇ? ಒಂದು ಆಲಾಪ ಕೇಳಿದರೆ ಸಾಕು, ಇದು ಮನ್ಸೂರರೇ ಎಂದು ಯಾರಾದರೂ ಹೇಳಿಯಾರು.

ಛಾಯಾಗ್ರಹಣದಲ್ಲಿ ಆನ್ಸೆಲ್ ಆಡಮ್ಸರ (1902–1984) ನಿದರ್ಶನವನ್ನು ನೋಡಿ. 1941ರ ನವೆಂಬರಿನ ಒಂದು ಸಂಜೆ, ಅಮೆರಿಕದ ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ್ದ. ಕೆಳಗೆ ಸ್ಮಶಾನದ ಶಿಲುಬೆಗಳ ಮೇಲೆ ಕೊನೆಯ ಬಿಸಿಲು. ಅವಸರದಲ್ಲಿ ಬೆಳಕಿನ ಮಾಪಕ ಕೈಗೆ ಸಿಗಲಿಲ್ಲ. ಚಂದ್ರನ ಹೊಳಪಿನ ಅಳತೆ ನೆನಪಿನಲ್ಲಿದ್ದುದರಿಂದ ಮನಸ್ಸಿನಲ್ಲೇ ಲೆಕ್ಕ ಹಾಕಿ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಬಿಸಿಲು ಜಾರಿಹೋಗಿತ್ತು. ಆ ಒಂದೇ ನೆಗೆಟಿವ್‌ನಿಂದ ಮುಂದಿನ ದಶಕಗಳಲ್ಲಿ ಅವರು ಅಚ್ಚು ತೆಗೆಯುತ್ತ ಹೋದಂತೆ ಆಕಾಶ ಹೆಚ್ಚು ಹೆಚ್ಚು ಕಪ್ಪಾಗುತ್ತ ಬಂತು. ಕಸುಬು ಕೈಯಲ್ಲಿದ್ದುದರಿಂದ ಆ ಕ್ಷಣ ಉಳಿಯಿತು. ಉಳಿದುದರಿಂದಲೇ ಅದನ್ನು ತಮ್ಮ ಮನಸ್ಸಿಗೆ ತಕ್ಕಂತೆ ಹದಗೊಳಿಸುತ್ತ ಹೋಗುವುದು ಸಾಧ್ಯವಾಯಿತು.

ನಮ್ಮವರೇ ಆದ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಹುಡುಕಿ ನೋಡಿ. ಸಾಮಾನ್ಯ ಜನರು, ಅದರಲ್ಲೂ ಮಕ್ಕಳು, ಕ್ಯಾಮೆರಾ ಎದುರಿಗಿರುವುದನ್ನೇ ಮರೆತಂತಿದ್ದಾರೆ. ಅವರ ಶೈಲಿಯೆಂದರೆ ಅವರು ಜನರನ್ನು ಪ್ರೀತಿಯಿಂದ ನೋಡಿದ ರೀತಿಯೇ. ಅದಕ್ಕೆ ಬಣ್ಣದ ಲೇಪ ಬೇಕಾಗಲಿಲ್ಲ. ತನ್ನತ್ತ ಗಮನ ಸೆಳೆಯದಂತೆ ಕೆಲಸ ಮಾಡುವ ನುರಿತ ಕೈ ಬೇಕಾಗಿತ್ತು.

ಆದುದರಿಂದ, ಶೈಲಿಯ ಚಿಂತೆಯನ್ನು ಸದ್ಯಕ್ಕೆ ಬದಿಗಿಡಿ. ಒಂದೇ ಮಸೂರ, ಒಂದೇ ವಸ್ತು, ಒಂದು ವರ್ಷ. ಬೆಳಕಿನ ಪ್ರಮಾಣವನ್ನು ನೀವೇ ನಿರ್ಧರಿಸಿ. ಕೆಟ್ಟ ಚಿತ್ರವನ್ನು ಒಡನೆಯೇ ಅಳಿಸಬೇಡಿ. ಏಕೆ ಕೆಟ್ಟಿತೆಂದು ಪುಸ್ತಕದಲ್ಲಿ ಒಂದು ಸಾಲು ಬರೆದಿಡಿ. ತಿಂಗಳಿಗೊಂದನ್ನಾದರೂ ಕಾಗದದ ಮೇಲೆ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿ. ವರ್ಷದ ಕೊನೆಗೆ ಹನ್ನೆರಡನ್ನೂ, ಹೆಸರು ಬರೆಯದೆ, ನನಗೆ ಕಳುಹಿಸಿ. ಯಾರ ಕೈಯವೆಂದು ಗುರುತಿಸುವ ಕೆಲಸ ನನ್ನದು.