ಬಡವರ ರೊಟ್ಟಿ, ಸಿರಿವಂತರ ಪಂಕ್ತಿ

ಹಸಿವು ರುಚಿ ಕಾಣದು ಎಂದು ಹಿರಿಯರು ಹೇಳಿದರು. ಆದರೆ ಹಸಿವಿಲ್ಲದವರು ರುಚಿಯನ್ನರಸಿ ಎಷ್ಟು ದೂರ ಹೋಗುವರೆಂಬುದನ್ನು ತಿಳಿಯಬೇಕಾದರೆ ಮೆಡಿಟರೇನಿಯನ್ ಸಮುದ್ರದ ಮಯೋರ್ಕಾ ದ್ವೀಪದ ಕಡೆಗೆ ನೋಡಬೇಕು. ನಾನು ಆ ದ್ವೀಪವನ್ನು ಕಂಡವನಲ್ಲ. ವಾಚನಾಲಯದಲ್ಲಿ ಕುಳಿತು ಓದಿ ತಿಳಿದವನು. ಆದರೂ ಈ ವಿಷಯದಲ್ಲಿ ಎರಡು ಮಾತು ಹೇಳಲು ನನಗೆ ಅಧಿಕಾರವುಂಟು. ಕಾರಣವನ್ನು ಕೊನೆಯಲ್ಲಿ ಹೇಳುವೆನು.

ಸ್ಪೇನ್ ದೇಶಕ್ಕೆ ಸೇರಿದ ಈ ದ್ವೀಪದ ವಾಯವ್ಯಕ್ಕೆ ತ್ರಮುಂತಾನ ಎಂಬ ಬೆಟ್ಟಸಾಲು ಇದೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿ, ಇಳಿಜಾರನ್ನೆಲ್ಲ ಮೆಟ್ಟಿಲು ಹೊಲಗಳಾಗಿ ಮಾಡಿ, ಅಲ್ಲಿಯ ರೈತರು ಆಲಿವ್ ಮರಗಳನ್ನು ಬೆಳೆಸಿದರು. 2011ರಲ್ಲಿ ಯುನೆಸ್ಕೊ ಸಂಸ್ಥೆಯು ಆ ಬೆಟ್ಟಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆ ರೈತರ ಊಟವೇ 'ಪಾಂಬೋಲಿ'. ಉಪ್ಪು ಹಾಕದೆ ಬೇಯಿಸಿದ ಕಂದು ರೊಟ್ಟಿಯ ಹೋಳು, ಅದರ ಮೇಲೆ ತಿಕ್ಕಿದ ಟೊಮೆಟೊ, ಆಲಿವ್ ಎಣ್ಣೆ, ಚಿಟಿಕೆ ಉಪ್ಪು, ಇಷ್ಟೇ. ಟೊಮೆಟೊಗಳನ್ನು ಗೊಂಚಲು ಕಟ್ಟಿ ನೇತುಹಾಕಿ ಚಳಿಗಾಲದವರೆಗೂ ಕಾಪಾಡುವರು.

ಇಂದು ಅಲ್ಲಿಯ ಹಳೆಯ ಜಮೀನುದಾರರ ಮನೆಗಳು ಹಲವು ಐಷಾರಾಮದ ಹೋಟೆಲುಗಳಾಗಿವೆ. ದೆಯಾ ಎಂಬ ಗ್ರಾಮದಲ್ಲಿರುವ ಹೆಸರಾಂತ ಹೋಟೆಲೊಂದರ ಭೋಜನಶಾಲೆಯು ಹಿಂದೆ ಎಣ್ಣೆಯ ಗಾಣವಿದ್ದ ಮನೆ. ಗಾಣದವನು ಬೆವರು ಸುರಿಸಿದ ಸ್ಥಳದಲ್ಲಿ ಅತಿಥಿಗಳು ಕುಳಿತು ಅದೇ ನೆಲದ ಎಣ್ಣೆಯ ಪರಿಮಳವನ್ನು ಹೊಗಳುತ್ತಾರೆ.

ಇದರಲ್ಲಿ ತಪ್ಪೇನು ಎಂದು ಕೇಳುವವರುಂಟು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಪಾಳುಬೀಳಬಹುದಾಗಿದ್ದ ಮನೆಗಳು ಉಳಿದವು. ಊರಿನ ಎಣ್ಣೆಗೆ ಬೆಲೆ ಬಂದಿತು. ಕೆಲವರಿಗೆ ಉದ್ಯೋಗವೂ ದೊರೆಯಿತು. ಆದರೆ ಇನ್ನೊಂದು ಲೆಕ್ಕವನ್ನೂ ನೋಡಬೇಕಷ್ಟೆ. ಮಯೋರ್ಕಾ ಸೇರಿದ ಬಾಲಿಯಾರಿಕ್ ದ್ವೀಪಗಳ ನಿವಾಸಿಗಳು ಸುಮಾರು 12 ಲಕ್ಷ. 2024ರಲ್ಲಿ ಅಲ್ಲಿಗೆ ಬಂದ ಪ್ರವಾಸಿಗರು 1 ಕೋಟಿ 80 ಲಕ್ಷಕ್ಕೂ ಹೆಚ್ಚು. ಆ ವರ್ಷದ ಜುಲೈ ತಿಂಗಳಲ್ಲಿ ಪಾಲ್ಮಾ ನಗರದ ಬೀದಿಗಳಲ್ಲಿ ಸಾವಿರಾರು ಜನ ಮೆರವಣಿಗೆ ನಡೆಸಿದರು. ವಾಸಕ್ಕೆ ಮನೆ ಕೈಗೆಟುಕದಂತಾಗಿದೆ ಎಂಬುದು ಅವರ ಮುಖ್ಯ ದೂರುಗಳಲ್ಲೊಂದು. ಹಳ್ಳಿಯ ಊಟವು ಉಳಿದು ಹಳ್ಳಿಯವನೇ ಊರು ಬಿಡಬೇಕಾದರೆ, ಉಳಿದದ್ದು ರುಚಿಯೇ ಹೊರತು ಹಳ್ಳಿಯಲ್ಲ.

ಇನ್ನು ನನ್ನ ಅಧಿಕಾರದ ಮಾತು. ನನ್ನ ತಾಯಿಗೆ ಓದು ಬಾರದು. ಪಿ.ಯು. ತರಗತಿಗೆಂದು ಹಾಸ್ಟೆಲು ಸೇರಿದಾಗ ಆಕೆ ಕಟ್ಟಿಕೊಟ್ಟ ರಾಗಿರೊಟ್ಟಿಯನ್ನು ಗೆಳೆಯರ ಕಣ್ಣುತಪ್ಪಿಸಿ ತಿಂದವನು ನಾನು. ಮುಂದೆ ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ರಾಗಿಯು ದೊಡ್ಡ ಹೋಟೆಲುಗಳ ಮೇಜನ್ನೇರಿತು. ಆಗ 'ರಾಗಿ ನಮ್ಮ ಮನೆಯ ಊಟ' ಎಂದು ಅದೇ ಗೆಳೆಯರೆದುರು ಎದೆಯುಬ್ಬಿಸಿ ಹೇಳಿದೆ. ಈಗ ಯೋಚಿಸಿದರೆ, ಅಂದಿನ ನಾಚಿಕೆಗಿಂತ ಆ ಹೆಮ್ಮೆಯೇ ನನ್ನನ್ನು ಹೆಚ್ಚು ನಾಚಿಸುತ್ತದೆ. ತಾಯಿಯ ಕೈಯಡುಗೆಯನ್ನು ಗೌರವಿಸಲು ಸಿರಿವಂತರ ಅಪ್ಪಣೆಗಾಗಿ ಕಾದೆನಲ್ಲ!

ಮಯೋರ್ಕಾದಲ್ಲಿ ಉಣ್ಣುವವರು ಸುಖವಾಗಿ ಉಣ್ಣಲಿ. ಆದರೆ ಅನ್ನದ ಯೋಗ್ಯತೆಯನ್ನು ತಟ್ಟೆಯ ಬೆಲೆಯಿಂದ ಅಳೆಯುವ ಬುದ್ಧಿ ನಮಗೆ, ಅದರಲ್ಲೂ ಮನೆತನದಲ್ಲಿ ಮೊದಲ ಬಾರಿಗೆ ಪದವಿ ಪಡೆಯುವವರಿಗೆ, ಬೇಡ. ಈ ಸಲ ಊರಿನಿಂದ ಬರುವಾಗ ನಾಲ್ಕು ರೊಟ್ಟಿ ಹೆಚ್ಚಾಗಿಯೇ ಕಟ್ಟಿಸಿಕೊಂಡು ಬರುವೆನು. ಬುತ್ತಿಯನ್ನು ಎಲ್ಲರ ನಡುವೆಯೇ ಬಿಚ್ಚುವೆನು.