ಪಾಲುದಾರ ಎಂಬ ಸುಳ್ಳು

‘ಅಕ್ಕಾ, ಲಾಕ್‌ಡೌನಲ್ಲಿ ಪೊಲೀಸ್ರು ಬಿಟ್ರು, ನಮ್ಮೂರೋರು ಬಿಡ್ಲಿಲ್ಲ.’

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹತ್ತಿರ ಟೀ ಕುಡಿಯುತ್ತಾ ಆ ಹುಡುಗ ಹೀಗೆಂದಾಗ ನನಗೆ ತಕ್ಷಣ ಅರ್ಥವಾಗಲಿಲ್ಲ. 2020ರ ಮಾರ್ಚ್ 25ರಿಂದ ದೇಶ ಬಾಗಿಲು ಹಾಕಿಕೊಂಡಿತಲ್ಲ, ಅವನು ದುಡಿಯುತ್ತಿದ್ದ ಪವರ್‌ಲೂಮ್ ಕೂಡ ನಿಂತಿತು. ಬೈಕಿನ ಕಂತು ನಿಲ್ಲಲಿಲ್ಲ. ಊಟ ತಲುಪಿಸುವುದು ಅಗತ್ಯ ಸೇವೆ ಎಂದು ಸರ್ಕಾರ ಹೇಳಿತ್ತು. ಯಲಹಂಕಕ್ಕೆ ಹೋಗಿ ಆ ಕೆಲಸಕ್ಕೆ ಸೇರಿದ. ಚೆಕ್‌ಪೋಸ್ಟಿನಲ್ಲಿ ಕಂಪನಿಯ ಟೀ ಶರ್ಟೇ ಪಾಸು. ಆದರೆ ರಾತ್ರಿ ಮನೆಗೆ ಹೊರಟರೆ ಹಳ್ಳಿಯ ದಾರಿಗೆ ಮುಳ್ಳುಬೇಲಿ ಎಳೆದಿದ್ದರು. ‘ಬೆಂಗಳೂರಿಂದ ಕಾಯಿಲೆ ತರ್ತೀಯ’ ಎಂದು ಚಿಕ್ಕಪ್ಪನ ವಯಸ್ಸಿನವರೇ ತಡೆದರಂತೆ. ಹನ್ನೊಂದು ರಾತ್ರಿ ಯಾರದೋ ತೋಟದ ಪಂಪ್‌ಹೌಸಿನಲ್ಲಿ ಮಲಗಿದ. ಅವ್ವ ಬೇಲಿಯ ಮೇಲಿಂದ ಮುದ್ದೆ, ಸಾರು ದಾಟಿಸುತ್ತಿದ್ದಳು.

ಊರಿನವರನ್ನು ಬೈಯುವುದು ಸುಲಭ. ಆದರೆ ಅವರಿಗಿಂತ ನಗರ ಏನು ಬೇರೆ ಮಾಡಿತು? ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಲ್ಲಿಸಿತು, ಲಿಫ್ಟ್ ಹತ್ತಬೇಡ ಎಂದಿತು, ಹೋಟೆಲಿನ ಶೌಚಾಲಯಕ್ಕೆ ಬೀಗ ಹಾಕಿತು. ಆ ಏಪ್ರಿಲ್‌ನಲ್ಲಿ ದಿಲ್ಲಿಯ ಮಾಳವೀಯ ನಗರದಲ್ಲಿ ಪಿಜ್ಜಾ ತಲುಪಿಸುವ ಒಬ್ಬನಿಗೆ ಸೋಂಕು ತಗುಲಿ 72 ಮನೆಗಳವರನ್ನು ಕ್ವಾರಂಟೈನ್ ಮಾಡಿದರು. ನಾನು ಓದಿದ ವರದಿಗಳ ತುಂಬ ಪಿಜ್ಜಾ ತರಿಸಿಕೊಂಡವರ ಭಯವೇ. ಅವನ ಬಗ್ಗೆ ಎರಡು ಸಾಲು. ನಾನೇನೂ ಸಾಚಾ ಅಲ್ಲ. 2021ರ ಮೇ ತಿಂಗಳ ಮಳೆಯಲ್ಲಿ ಬಿರಿಯಾನಿ ತಡವಾಯಿತೆಂದು ಎರಡು ಸ್ಟಾರ್ ಒತ್ತಿ, ಕಾರ್ಮಿಕರ ಬಗ್ಗೆ ನನ್ನ ಪ್ರಬಂಧದ ಅಧ್ಯಾಯ ಬರೆಯಲು ಕೂತವಳು ನಾನು.

ಕಂಪನಿಗಳು ಇವರನ್ನು ಕರೆಯುವುದು ‘ಪಾರ್ಟ್‌ನರ್’ ಎಂದು. ಪಾಲುದಾರನೆಂದರೆ ನಷ್ಟದಲ್ಲೂ ಪಾಲು, ಲಾಭದಲ್ಲೂ ಪಾಲು. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ ಲೀಟರಿಗೆ 100 ರೂಪಾಯಿ ದಾಟಿತು. ಅದು ಪೂರ್ತಿ ಇವರ ಪಾಲಿಗೆ. ಮರು ತಿಂಗಳು ಜೊಮ್ಯಾಟೊ 9,375 ಕೋಟಿ ರೂಪಾಯಿಯ ಷೇರು ಮಾರಿತು, ಪೇಟೆಗೆ ಬಂದ ಮೊದಲ ದಿನವೇ ಅದರ ಮೌಲ್ಯ ಒಂದು ಲಕ್ಷ ಕೋಟಿ ಮುಟ್ಟಿತು. ಆ ಲೆಕ್ಕದಲ್ಲಿ ಬೈಕ್ ಓಡಿಸಿದವರ ಪಾಲನ್ನು ಯಾರಾದರೂ ತೋರಿಸಲಿ.

ಸರ್ಕಾರಕ್ಕಂತೂ ಇವರಿಗೆ ಹೆಸರೇ ಇರಲಿಲ್ಲ. 2020ರ ಮೇ 6ರಂದು ಯಡಿಯೂರಪ್ಪನವರು 1,610 ಕೋಟಿಯ ಪರಿಹಾರ ಘೋಷಿಸಿದಾಗ ಆಟೊ, ಟ್ಯಾಕ್ಸಿ ಚಾಲಕರಿಗೆ, ಕ್ಷೌರಿಕರಿಗೆ, ಮಡಿವಾಳರಿಗೆ 5,000 ರೂಪಾಯಿ, ಕೈಮಗ್ಗದವರಿಗೆ 2,000. ಮರುವರ್ಷ ಮತ್ತೊಂದು ಪಟ್ಟಿ ಬಂತು, ಆಟೊದವರಿಗೆ 3,000. ಕೊಟ್ಟಿದ್ದು ಕಡಿಮೆಯೇ, ಅದು ಬೇರೆ ಜಗಳ. ಆದರೆ ಎರಡರಲ್ಲೂ ಬೆನ್ನಿಗೆ ಬ್ಯಾಗ್ ಹಾಕಿಕೊಂಡವರಿಗೆಂದು ಒಂದು ಸಾಲಿಲ್ಲ. ಚಾಲಕನೆಂದರೆ ಹಳದಿ ಬೋರ್ಡಿಲ್ಲ, ಕಾರ್ಮಿಕನೆಂದರೆ ಮಾಲೀಕನಿಲ್ಲ! 2020ರ ಸೆಪ್ಟೆಂಬರಿನಲ್ಲಿ ಸಂಸತ್ತು ಒಪ್ಪಿದ ಸಾಮಾಜಿಕ ಭದ್ರತಾ ಸಂಹಿತೆ ‘ಗಿಗ್ ಕಾರ್ಮಿಕ’ ಎಂದು ಹೆಸರಿಟ್ಟಿತು. ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ.

‘ಯಾರೂ ಬಲವಂತ ಮಾಡಲಿಲ್ಲವಲ್ಲ, ಕೆಲಸವಿಲ್ಲದ ಕಾಲದಲ್ಲಿ ಅನ್ನ ಕೊಟ್ಟಿದ್ದು ಅದೇ ಆ್ಯಪ್ ತಾನೆ’ ಎಂದು ನನ್ನ ವಿಭಾಗದ ಹಿರಿಯರೊಬ್ಬರು ವಾದಿಸಿದರು. ಅನ್ನ ಕೊಟ್ಟಿದ್ದು ನಿಜ. ಆ ಹುಡುಗನೇ ಒಪ್ಪುತ್ತಾನೆ. ಆದರೆ ಮಗ್ಗ ನಿಂತು, ಕಂತು ಕಟ್ಟಬೇಕಾಗಿ, ಎದುರಿಗೆ ಒಂದೇ ಬಾಗಿಲು ತೆರೆದಿದ್ದಾಗ ಒಳಗೆ ಹೋದವನನ್ನು ‘ನೀನೇ ಇಷ್ಟಪಟ್ಟು ಬಂದೆ’ ಎನ್ನಬಹುದೆ? ಜೀತಕ್ಕೆ ಸೇರಿದವನೂ ಹೆಬ್ಬೆಟ್ಟು ಒತ್ತಿಯೇ ಸೇರುತ್ತಿದ್ದ.

2025ರಲ್ಲಿ ಕರ್ನಾಟಕ ತನ್ನದೇ ಕಾಯ್ದೆ ತಂದಿದೆ. ಕಲ್ಯಾಣ ಮಂಡಳಿ ಇದೆ. ಪ್ರತಿ ಆರ್ಡರಿಗೆ ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಂಪನಿ ಶುಲ್ಕ ಕಟ್ಟಬೇಕು. ಕಾರಣ ಹೇಳದೆ ಕೆಲಸದಿಂದ ತೆಗೆಯುವಂತಿಲ್ಲ. ಇದನ್ನು ನಾನು ಸಣ್ಣದು ಮಾಡುವುದಿಲ್ಲ, ಸಂಘಟನೆಗಳು ಹೋರಾಡಿ ಪಡೆದದ್ದು. ಆದರೆ ಕಲ್ಯಾಣ ಬೇರೆ, ಕೂಲಿ ಬೇರೆ. ಒಂದು ಆರ್ಡರಿಗೆ ಕನಿಷ್ಠ ಎಷ್ಟು ಎಂಬ ಪ್ರಶ್ನೆಯನ್ನು ಈ ಕಾಯ್ದೆ ಮುಟ್ಟಿಲ್ಲ.

ನಗರದೊಳಗೆ ಒಂದು ಆರ್ಡರ್ ಮುಗಿದರೆ ಪಕ್ಕದ ಬೀದಿಯಲ್ಲೇ ಇನ್ನೊಂದು ಸಿಗಬಹುದು. ನಮ್ಮ ಗ್ರಾಮಾಂತರ ಜಿಲ್ಲೆಯಲ್ಲಿ ಹಾಗಲ್ಲ. ದೇವನಹಳ್ಳಿಯ ಸುತ್ತ ದ್ರಾಕ್ಷಿ, ಚಕ್ಕೋತ ಬೆಳೆಯುತ್ತಿದ್ದ ಕಡೆ ವಿಲ್ಲಾಗಳೆದ್ದಿವೆ. ಹೋಟೆಲುಗಳು ಪೇಟೆಯಲ್ಲಿವೆ. ಎಂಟು ಕಿಲೋಮೀಟರ್ ಹೋಗಿ ಊಟ ಕೊಟ್ಟರೆ ಅಷ್ಟೂ ದೂರ ಬರಿಗೈಯಲ್ಲಿ ವಾಪಸ್ಸು. ‘ಹೋಗೋಕೆ ದುಡ್ಡು, ಬರೋದು ನಮ್ಮ ಪುಣ್ಯ’ ಎನ್ನುತ್ತಾರೆ ಅಲ್ಲಿನ ಹುಡುಗರು. ಹೊಸಕೋಟೆ, ನೆಲಮಂಗಲದಲ್ಲಿ ಮಾತಾಡಿಸಿದವರದೂ ಅದೇ ದೂರು. ಮಂಡಳಿ ಮೊದಲು ಕೂತು ಮಾತಾಡಬೇಕಾದ್ದು ಈ ವಾಪಸ್ಸಿನ ದಾರಿಯ ಕೂಲಿಯನ್ನು, ಹೋಟೆಲಿನ ಮುಂದೆ ಕಾಯುವ ಹೊತ್ತಿನ ಕೂಲಿಯನ್ನು. ನಿಲ್ಲಲು ನೆರಳು, ಒಂದು ಶೌಚಾಲಯ ಮಾಡಿಕೊಡಲು ಪುರಸಭೆ, ನಗರಸಭೆಗಳಿಗೆ ಯಾವ ಹೊಸ ಕಾಯ್ದೆಯೂ ಬೇಕಿಲ್ಲ.

ಆ ಹುಡುಗ ಈಗಲೂ ಅದೇ ಕೆಲಸದಲ್ಲಿದ್ದಾನೆ. ಬೈಕಿನ ಕಂತು ತೀರಿದೆ. ಎಂಜಿನ್ ಬಿಚ್ಚಬೇಕು, ಹನ್ನೆರಡು ಸಾವಿರ ಆಗುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದಾನಂತೆ.